ಐದು ಸಾವಿರ ಕಿಲೋಮೀಟರ್ ಅಂತ ಹೇಳಿದ್ದು ಯಾರು?

ಹೋದ ತಿಂಗಳು ಕಾರನ್ನು ಸರ್ವೀಸಿಗೆ ಬಿಟ್ಟಿದ್ದೆ. ವಾಪಸ್ ತರೋಕೆ ಹೋದಾಗ ಕೌಂಟರಿನ ಹುಡುಗ ಬಿಲ್ಲು ಕೈಗಿಟ್ಟು, "ಸರ್, ಫುಲ್ಲಿ ಸಿಂಥೆಟಿಕ್ ಆಯಿಲ್ ಹಾಕಿದೀವಿ. ಐದು ಸಾವಿರ ಕಿಲೋಮೀಟರಿಗೆ ಬಂದ್ಬಿಡಿ" ಅಂದ. ಮುಂದಿನ ಗಾಜಿನ ಮೂಲೆಗೆ ಅದೇ ಸಂಖ್ಯೆಯ ಸ್ಟಿಕ್ಕರ್ ಬೇರೆ ಅಂಟಿಸಿಟ್ಟಿದ್ದ. ಬಿಲ್ಲಿನಲ್ಲಿ ಆಯಿಲ್ ಒಂದಕ್ಕೇ ಹಾಕಿದ್ದ ಮೊತ್ತ ನೋಡಿ, ಇಷ್ಟು ದುಬಾರಿ ಎಣ್ಣೆ ಬರೀ ಐದು ಸಾವಿರಕ್ಕೆ ಮುಗಿದುಹೋಗುತ್ತಾ ಅಂತ ಅನುಮಾನ ಬಂತು. ಮನೆಗೆ ಬಂದು ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಬರೆದಿದ್ದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಅಪ್ಪನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೇ, "ನಾವು ಎರಡು ಸಾವಿರಕ್ಕೇ ಬದಲಾಯಿಸ್ತಿದ್ವಪ್ಪ. ಎಣ್ಣೆ ವಿಷಯದಲ್ಲಿ ಜಿಪುಣತನ ಮಾಡಬೇಡ" ಅಂದರು. ಅಮೆರಿಕದಲ್ಲಿರೋ ಭಾವಮೈದನಿಗೆ ಮೆಸೇಜ್ ಹಾಕಿದೆ. "ನಾನಿಲ್ಲಿ ಹತ್ತು ಸಾವಿರ ಮೈಲಿಗೆ ಮಾಡಿಸ್ತೀನಿ ಭಾವ" ಅಂತ ಉತ್ತರ ಬಂತು. ಅಂದ್ರೆ ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ಕಿಲೋಮೀಟರ್!

ಎರಡು ಸಾವಿರ, ಐದು ಸಾವಿರ, ಹತ್ತು ಸಾವಿರ, ಹದಿನಾರು ಸಾವಿರ. ಒಂದೇ ಪ್ರಶ್ನೆಗೆ ನಾಲ್ಕು ಉತ್ತರ. ನಾಲ್ಕೂ ಜನ ತಾವು ಹೇಳಿದ್ದೇ ವೇದವಾಕ್ಯ ಅನ್ನೋ ಧಾಟಿಯಲ್ಲಿ ಹೇಳಿದ್ದರು. ಹಾಗಾದ್ರೆ ಈ ಸಂಖ್ಯೆಗಳೆಲ್ಲ ಹುಟ್ಟಿದ್ದು ಎಲ್ಲಿ ಅಂತ ಹುಡುಕ್ತಾ ಹೋದೆ. ಹುಡುಕಾಟ ಎತ್ತಿನಗಾಡಿಯಿಂದ ಜೆಟ್ ವಿಮಾನದವರೆಗೂ ಹೋಗಿ ಬಂತು. ಅದನ್ನೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಕೊಂಡು ಓದಿ.

*

ನಮ್ಮಜ್ಜಿ ಮನೆಯ ಎತ್ತಿನಗಾಡಿಗೆ ಬಿದಿರಿನ ಒಂದು ಗೊಟ್ಟ ನೇತುಹಾಕಿರುತ್ತಿದ್ದರು. ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕಪ್ಪು ರಾಡಿ. ಗಾಲಿ ಕಿರ್‍ರ್ ಅಂದ ತಕ್ಷಣ ಗಾಡಿ ನಿಲ್ಲಿಸಿ ಅಚ್ಚಿಗೆ ಬಳಿಯೋದು. "ಎಷ್ಟು ಹರದಾರಿಗೆ ಒಮ್ಮೆ ಬಳೀಬೇಕು" ಅಂತ ಯಾರೂ ಕೇಳುತ್ತಿರಲಿಲ್ಲ. ಗಾಲಿಯೇ ಕೂಗಿ ಹೇಳುತ್ತಿತ್ತು.

ನಗಬೇಡಿ, ಮೋಟಾರಿನ ಇತಿಹಾಸದಲ್ಲೂ ಹರಳೆಣ್ಣೆಗೆ ದೊಡ್ಡ ಜಾಗ ಇದೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರು ಮಾಡಿದ ಕಂಪನಿ, 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲನ್ನು ಮಾರುಕಟ್ಟೆಗೆ ತಂತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಅಂತಾರಲ್ಲ, ಆ ಆಯಿಲಿಗೆ ಕ್ಯಾಸ್ಟ್ರಾಲ್ ಅಂತ ಹೆಸರು ಬಂದಿದ್ದು ಅದರಿಂದಲೇ.

ಮೊದಲನೇ ಮಹಾಯುದ್ಧದ ಎಷ್ಟೋ ಯುದ್ಧವಿಮಾನಗಳಲ್ಲಿ ಇದ್ದದ್ದು ರೋಟರಿ ಎಂಜಿನ್. ಅದರಲ್ಲಿ ಸಿಲಿಂಡರುಗಳ ಸಮೇತ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲು, ಎಣ್ಣೆ ಎರಡೂ ಒಂದೇ ಹೊಟ್ಟೆಯೊಳಗೆ ಓಡಾಡುತ್ತಿದ್ದವು. ಸಾಮಾನ್ಯ ಖನಿಜ ಎಣ್ಣೆ ಹಾಕಿದರೆ ಅದು ಪೆಟ್ರೋಲಿನಲ್ಲಿ ಕರಗಿ ನೀರಾಗಿಬಿಡುತ್ತೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಅಷ್ಟು ಸುಲಭಕ್ಕೆ ಕರಗೋಲ್ಲ, ಬಿಸಿಗೂ ಬಗ್ಗೋಲ್ಲ. ಹಾಗಾಗಿ ಅದೇ ಬೇಕಾಯಿತು. ಅಮೆರಿಕ ಯುದ್ಧಕ್ಕೆ ಇಳಿದಾಗ ತನ್ನ ರೈತರ ಕೈಲಿ ಹರಳು ಬೆಳೆಸೋಕೆ ಭಾರತದಿಂದ ಬೀಜ ತರಿಸಿಕೊಂಡಿತು.

ಆ ಎಂಜಿನ್ನುಗಳಲ್ಲಿ ಆಯಿಲ್ ಚೇಂಜ್ ಅನ್ನೋ ಮಾತೇ ಇರಲಿಲ್ಲ. ಎಣ್ಣೆ ಒಂದು ಸುತ್ತು ಕೆಲಸ ಮಾಡಿ ಹೊಗೆಯ ಜೊತೆ ಹೊರಗೆ ಹಾರಿಹೋಗುತ್ತಿತ್ತು. ಹಾರಿದ್ದು ಹಿಂದೆ ಕೂತ ಪೈಲಟ್ಟಿನ ಮೂಗು ಬಾಯಿಗೆ. ನಮ್ಮ ಕಡೆ ಮಕ್ಕಳಿಗೆ ಹರಳೆಣ್ಣೆ ಕುಡಿಸ್ತಿದ್ದದ್ದು ಯಾಕೆ ಅಂತ ನಿಮಗೆ ಗೊತ್ತೇ ಇದೆ. ಆಕಾಶದಲ್ಲಿ ಆ ಪೈಲಟ್ಟುಗಳ ಪಾಡು ಏನಾಗಿರಬೇಕು ಅಂತ ಹೆಚ್ಚು ವಿವರಿಸೋಲ್ಲ.

ಹರಳೆಣ್ಣೆಯ ಒಂದು ದೋಷ ಅಂದ್ರೆ ಕಾಯ್ದು ಕಾಯ್ದು ಅಂಟಾಗೋದು. ಬಾಣಲೆ ಅಂಚಿನಲ್ಲಿ ಹಳೇ ಎಣ್ಣೆ ಕಂದುಬಣ್ಣಕ್ಕೆ ತಿರುಗಿ ಕಚ್ಚಿಕೊಂಡಿರುತ್ತಲ್ಲ, ಹಾಗೆ. ಆಗಾಗ ಬಿಚ್ಚಿ ತೊಳೆಯೋ ಯುದ್ಧವಿಮಾನಕ್ಕಾದರೆ ಸರಿ, ಮನೆ ಮುಂದೆ ನಿಲ್ಲೋ ಕಾರಿಗೆ ಆಗಿಬರೋಲ್ಲ.

*

ಕಾರಿಗೆ ಆಗಿಬಂದದ್ದು ಖನಿಜ ಎಣ್ಣೆ. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆದು ಕಚ್ಚಾ ತೈಲ ತೆಗೆದ. 1866ರಲ್ಲಿ ಜಾನ್ ಎಲ್ಲಿಸ್ ಅನ್ನೋ ವೈದ್ಯರು ಅದರಿಂದ ಉಗಿಯಂತ್ರಗಳಿಗೆ ಕೀಲೆಣ್ಣೆ ತಯಾರಿಸೋ ಕಂಪನಿ ಕಟ್ಟಿದರು. ಮುಂದೆ ಅದೇ ವಾಲ್ವೊಲಿನ್ ಆಯಿತು.

ಈಗ ನಮ್ಮ ಸಂಖ್ಯೆಗಳ ಕಥೆಗೆ ಬರೋಣ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಕೈಪಿಡಿಯಲ್ಲಿ ಹೊಸ ಕಾರು 400 ಮೈಲಿ ಓಡಿದ ಮೇಲೆ ಎಣ್ಣೆ ಇಳಿಸಿ, ಆಮೇಲೆ ಸುಮಾರು 750 ಮೈಲಿಗೊಮ್ಮೆ ಇಳಿಸಿ ಅಂತ ಹೇಳಿತ್ತು. 750 ಮೈಲಿ ಅಂದರೆ 1,200 ಕಿಲೋಮೀಟರ್. ನಮ್ಮಪ್ಪನಿಗಿಂತಲೂ ಕಟ್ಟುನಿಟ್ಟು!

ಯಾಕೆ ಅಷ್ಟು ಬೇಗ? ಆ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇರಲಿಲ್ಲ. ರಸ್ತೆಗಳೆಲ್ಲ ಮಣ್ಣು, ಧೂಳು ನೇರವಾಗಿ ಎಂಜಿನ್ನಿನೊಳಗೆ ಹೋಗುತ್ತಿತ್ತು. ಆ ಕಾಲದ ಪೆಟ್ರೋಲು ಪೂರ್ತಿ ಆವಿಯಾಗದೆ ಸಿಲಿಂಡರಿನ ಗೋಡೆ ಗುಂಟ ಇಳಿದು ಎಣ್ಣೆಗೆ ಬೆರೆಯುತ್ತಿತ್ತು. ಎಣ್ಣೆಯೂ ಬರೀ ಎಣ್ಣೆ, ಇವತ್ತಿನ ಹಾಗೆ ಅದರಲ್ಲಿ ಬೇರೆ ರಾಸಾಯನಿಕಗಳು ಇರಲಿಲ್ಲ. ಅಷ್ಟು ಗಲೀಜನ್ನು ಹೊರಹಾಕೋಕೆ ಇದ್ದದ್ದು ಒಂದೇ ದಾರಿ, ಎಣ್ಣೆ ಚೆಲ್ಲೋದು.

ಆಮೇಲೆ ಒಂದೊಂದೇ ಕಾರಣ ಕಡಿಮೆಯಾಗುತ್ತಾ ಬಂತು. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಆಯಿಲ್ ಫಿಲ್ಟರ್ ಮಾಡಿದರು. ಪ್ಯೂರೊಲೇಟರ್ ಅಂತ ಹೆಸರಿಟ್ಟರು. ಮಾರನೇ ವರ್ಷವೇ ಕ್ರೈಸ್ಲರ್ ಕಾರಿನಲ್ಲಿ ಫಿಲ್ಟರ್ ಬಂತು. 1930ರ ದಶಕದಲ್ಲಿ ಡೀಸೆಲ್ ಟ್ರಾಕ್ಟರುಗಳ ಪಿಸ್ಟನ್ ರಿಂಗುಗಳು ಮಸಿ ಹಿಡಿದು ಸಿಕ್ಕಿಹಾಕಿಕೊಳ್ಳೋದು ದೊಡ್ಡ ತಲೆನೋವಾಗಿತ್ತು. ಅದಕ್ಕೆ ಮದ್ದಾಗಿ ಡಿಟರ್ಜೆಂಟ್ ಸೇರಿಸಿದ ಎಣ್ಣೆ ಬಂತು. ಸೋಪು ಬಟ್ಟೆಯ ಕೊಳೆಯನ್ನು ಹಿಡಿದು ನೀರಿನಲ್ಲಿ ತೇಲಿಸೋ ಹಾಗೆ ಇದು ಮಸಿಯನ್ನು ಹಿಡಿದು ಎಣ್ಣೆಯಲ್ಲಿ ತೇಲಿಸುತ್ತೆ. 1940ರ ದಶಕದಲ್ಲಿ ಸವೆತ ತಡೆಯೋ ಸತು-ರಂಜಕದ ಸಂಯುಕ್ತ ಸೇರಿತು. ಆಮೇಲೆ ಚಳಿಗೊಂದು ಬೇಸಿಗೆಗೊಂದು ಎಣ್ಣೆ ಬದಲಾಯಿಸೋ ಕಷ್ಟ ತಪ್ಪಿಸೋಕೆ ಮಲ್ಟಿಗ್ರೇಡ್ ಬಂತು.

ಇಲ್ಲೊಂದು ಮಾತು. ಎಷ್ಟೋ ಗ್ಯಾರೇಜುಗಳಲ್ಲಿ ಎಣ್ಣೆಯನ್ನು ಬೆರಳಿಗೆ ಸವರಿ, "ನೋಡಿ ಸಾರ್, ಕಪ್ಪಾಗಿದೆ, ಹೋಯ್ತು" ಅಂತಾರೆ. ನಮ್ಮಪ್ಪನೂ ಹಾಗೇ ಹೇಳೋದು. ಡಿಟರ್ಜೆಂಟ್ ಇರೋ ಎಣ್ಣೆ ಕಪ್ಪಾಗಲೇಬೇಕು. ಕಪ್ಪಾಗಿದೆ ಅಂದರೆ ಮಸಿ ಎಂಜಿನ್ನಿಗೆ ಮೆತ್ತಿಕೊಳ್ಳದೆ ಎಣ್ಣೆಯಲ್ಲಿದೆ ಅಂತ. ಬಟ್ಟೆ ನೆನೆಹಾಕಿದ ನೀರು ಕೊಳೆಯಾಯಿತು ಅಂತ ಸೋಪನ್ನು ಬೈಯೋಕಾಗುತ್ತಾ?

ಇಷ್ಟೆಲ್ಲ ಆದಮೇಲೆ 1960ರ ದಶಕದಲ್ಲಿ ಕೆಲವು ಅಮೆರಿಕನ್ ಕಾರುಗಳ ಕೈಪಿಡಿಯಲ್ಲೇ 6,000 ಮೈಲಿ ಅಂತ ಅಚ್ಚಾಗಿತ್ತು. ಆಗಿನ್ನೂ ಕಾರುಗಳಿಗೆ ಸಿಂಥೆಟಿಕ್ ಬಳಕೆ ಸಾಮಾನ್ಯವಾಗಿರಲಿಲ್ಲ ಅನ್ನೋದನ್ನು ಗಮನಿಸಿ.

*

ಸಿಂಥೆಟಿಕ್ ಅಂದ್ರೆ ಏನು? ಕಚ್ಚಾ ತೈಲ ಅನ್ನೋದು ಸಂತೆ ಇದ್ದ ಹಾಗೆ. ಅದರಲ್ಲಿ ದೊಡ್ಡ ಅಣು, ಚಿಕ್ಕ ಅಣು, ನೇರದ್ದು, ಸೊಟ್ಟದ್ದು, ಮೇಣ, ಗಂಧಕ ಎಲ್ಲ ಸೇರಿರುತ್ತವೆ. ಶುದ್ಧಿ ಮಾಡೋದು ಅಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಎಷ್ಟು ಆರಿಸಿದರೂ ಒಂದೆರಡು ಕಲ್ಲು ಉಳಿದಿರುತ್ತೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗೋದು ಅದರೊಳಗಿನ ಮೇಣದಿಂದ. ಶಾಖಕ್ಕೆ ಮೊದಲು ಕೆಡೋದು ಅದರೊಳಗಿನ ದುರ್ಬಲ ಅಣುಗಳು. ಸಿಂಥೆಟಿಕ್ ದಾರಿ ಬೇರೆ. ಆರಿಸೋದು ಬಿಟ್ಟು, ಸಣ್ಣ ಅಣುಗಳನ್ನು ಒಂದಕ್ಕೊಂದು ಜೋಡಿಸಿ ತಮಗೆ ಬೇಕಾದ ಅಳತೆಯ ಅಣುವನ್ನೇ ಕಟ್ಟೋದು.

ಇದಕ್ಕೆ ಬೇಕಾದ ರಸಾಯನಶಾಸ್ತ್ರ ಹಳೆಯದು. ಚಾರ್ಲ್ಸ್ ಫ್ರೀಡೆಲ್ ಮತ್ತು ಜೇಮ್ಸ್ ಕ್ರಾಫ್ಟ್ಸ್ ಅನ್ನೋ ಇಬ್ಬರು 1877ರಲ್ಲೇ ಹೈಡ್ರೋಕಾರ್ಬನ್ನುಗಳನ್ನು ಜೋಡಿಸೋ ವಿಧಾನ ಕಂಡುಹಿಡಿದಿದ್ದರು. 1929ರಲ್ಲಿ ಅಮೆರಿಕದ ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಇಂಥ ಎಣ್ಣೆ ಮಾಡಿ ಮಾರೋಕೆ ನೋಡಿತು. ಯಾರೂ ಕೊಳ್ಳಲಿಲ್ಲ. ನೆಲದಿಂದ ಬುಗ್ಗೆ ಬುಗ್ಗೆಯಾಗಿ ಎಣ್ಣೆ ಚಿಮ್ಮುತ್ತಿರೋ ದೇಶದಲ್ಲಿ ಎಣ್ಣೆಯನ್ನು ಕಟ್ಟಿ ಮಾರ್ತೀನಿ ಅಂದರೆ ಯಾರು ಕೊಳ್ಳುತ್ತಾರೆ?

ಎಣ್ಣೆ ಸಾಕಷ್ಟಿಲ್ಲದ ದೇಶಕ್ಕೆ ಇದು ಬೇಕಾಯಿತು. ಜರ್ಮನಿಯ ಬಳಿ ಕಲ್ಲಿದ್ದಲು ಬೇಕಾದಷ್ಟಿತ್ತು, ಪೆಟ್ರೋಲಿಯಂ ಸಾಕಷ್ಟಿರಲಿಲ್ಲ. ಐ.ಜಿ. ಫಾರ್ಬೆನ್ ಕಂಪನಿಯ ಹರ್ಮನ್ ಜೋರ್ನ್ ಅನ್ನೋ ವಿಜ್ಞಾನಿ ಎಸ್ಟರ್ ಅನ್ನೋ ಜಾತಿಯ ರಾಸಾಯನಿಕಗಳನ್ನು ನೂರಾರು ರೀತಿಯಲ್ಲಿ ಮಾಡಿ ಪರೀಕ್ಷಿಸಿದ. 1941ರ ಚಳಿಗಾಲದಲ್ಲಿ ರಷ್ಯಾದ ನೆಲದಲ್ಲಿ ಜರ್ಮನ್ ಟ್ಯಾಂಕು ಲಾರಿಗಳೊಳಗಿನ ಎಣ್ಣೆ ಟಾರಿನ ಹಾಗೆ ಮಂದವಾಯಿತು. ಸೈನಿಕರು ಎಂಜಿನ್ ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸುತ್ತಿದ್ದರು, ತೆಳ್ಳಗಾಗಲಿ ಅಂತ ಎಣ್ಣೆಗೆ ಪೆಟ್ರೋಲು ಸುರಿಯುತ್ತಿದ್ದರು. ಚಳಿಗೆ ಗಟ್ಟಿಯಾಗದ ಎಣ್ಣೆಯ ಬೆಲೆ ಅವರಿಗೆ ಆಗ ಗೊತ್ತಾಯಿತು.

ಇದೇ ಐ.ಜಿ. ಫಾರ್ಬೆನ್ ಆಶ್‌ವಿಟ್ಜ್ ಪಕ್ಕದಲ್ಲಿ ಕಾರ್ಖಾನೆ ಕಟ್ಟಿ ಅಲ್ಲಿನ ಕೈದಿಗಳನ್ನು ಗುಲಾಮರ ಹಾಗೆ ದುಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅದರ ನಿರ್ದೇಶಕರನ್ನು ನ್ಯೂರೆಂಬರ್ಗಿನಲ್ಲಿ 1947-48ರಲ್ಲಿ ವಿಚಾರಣೆ ಮಾಡಲಾಯಿತು. ನಾವು ಡಬ್ಬದ ಮೇಲೆ ಚಿನ್ನದ ಅಕ್ಷರದಲ್ಲಿ ನೋಡೋ ಸಿಂಥೆಟಿಕ್ ಅನ್ನೋ ಪದದ ವಂಶವೃಕ್ಷದಲ್ಲಿ ಈ ಕೊಂಬೆಯೂ ಇದೆ. ಮರೆಯಬಾರದು ಅಂತ ಬರೆದೆ.

ಅತ್ತ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ವಿಲಿಯಂ ಜಿಸ್ಮನ್ 1942ರಲ್ಲಿ ಎಸ್ಟರುಗಳ ಮೇಲೆ ಕೆಲಸ ಶುರು ಮಾಡಿದರು. ಯುದ್ಧ ಮುಗಿಯೋ ಹೊತ್ತಿಗೆ ಜೆಟ್ ಎಂಜಿನ್ ಬಂತು. ಮೇಲೆ ಹಾರುವಾಗ ಮೈನಸ್ 40-50 ಡಿಗ್ರಿ ಚಳಿ, ಒಳಗೆ ಬೇರಿಂಗಿನ ಬಳಿ ಸುಡುಸುಡು ಕಾವು. ಖನಿಜ ಎಣ್ಣೆ ಎರಡನ್ನೂ ತಡೆಯಲಿಲ್ಲ, ಎಸ್ಟರ್ ಎಣ್ಣೆ ತಡೆಯಿತು. 1950ರ ದಶಕದಿಂದ ಇವತ್ತಿನವರೆಗೂ ಜೆಟ್ ಎಂಜಿನ್ನುಗಳು ಓಡ್ತಿರೋದು ಎಸ್ಟರ್ ಎಣ್ಣೆಯಲ್ಲೇ.

ಇಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಒಂದಿದೆ. ಆ ಮೊದಲ ಜೆಟ್ ಎಣ್ಣೆಗಳನ್ನು ಮಾಡೋಕೆ ಬಳಸಿದ್ದು ಸೆಬಾಸಿಕ್ ಆಮ್ಲ ಅನ್ನೋ ವಸ್ತುವಿನ ಎಸ್ಟರುಗಳನ್ನು. ಸೆಬಾಸಿಕ್ ಆಮ್ಲ ತಯಾರಾಗೋದು ಯಾವುದರಿಂದ ಗೊತ್ತಾ? ಹರಳೆಣ್ಣೆಯಿಂದ! ಅಷ್ಟೇ ಅಲ್ಲ, ಹರಳೆಣ್ಣೆ ತಾನೇ ಒಂದು ಎಸ್ಟರ್. ರೋಟರಿ ಎಂಜಿನ್ನಿನ ಜೊತೆ ಆಕಾಶದಿಂದ ಇಳಿದುಹೋಗಿದ್ದ ಹರಳು ವೇಷ ಬದಲಿಸಿಕೊಂಡು ಜೆಟ್ಟಿನಲ್ಲಿ ವಾಪಸ್ ಹತ್ತಿತ್ತು. ನಮ್ಮಜ್ಜಿಯ ಬಿದಿರ ಗೊಟ್ಟಕ್ಕೂ ಜೆಟ್ ಎಂಜಿನ್ನಿಗೂ ನೆಂಟಸ್ತಿಕೆ ಇದೆ ಅಂದ್ರೆ ನಂಬ್ತೀರಾ?

*

ಈ ಎಣ್ಣೆಯನ್ನು ಆಕಾಶದಿಂದ ರಸ್ತೆಗೆ ಇಳಿಸಿದವರಲ್ಲಿ ಮುಖ್ಯ ಹೆಸರು ಆಲ್ ಅಮಾಟುಜಿಯೊ. ಮಿನ್ನೆಸೋಟಾದ ಡುಲೂತ್ ಊರಿನ ಫೈಟರ್ ಪೈಲಟ್. ತಾನು ಹಾರಿಸೋ ಜೆಟ್ ಯಾಕೆ ಸಿಂಥೆಟಿಕ್ಕನ್ನೇ ಕೇಳುತ್ತೆ, ಅದೇ ಎಣ್ಣೆ ಕಾರಿಗೆ ಯಾಕಾಗಬಾರದು ಅನ್ನೋದು ಅವರ ತಲೆಯಲ್ಲಿ ಕೂತಿತು. ಮೈನಸ್ ಮೂವತ್ತಕ್ಕೆ ಇಳಿಯೋ ಊರಿನಲ್ಲಿ ಬೆಳಗ್ಗೆ ಕಾರು ಸ್ಟಾರ್ಟ್ ಮಾಡೋ ಕಷ್ಟ ಅವರಿಗೆ ಹೊಸದೇನಲ್ಲ. 1960ರ ದಶಕದಿಂದ ಪ್ರಯೋಗ ಮಾಡಿ ಮಾಡಿ, ಕಡೆಗೆ 1972ರಲ್ಲಿ ಆಮ್ಸಾಯಿಲ್ 10ಡಬ್ಲ್ಯೂ-40 ತಂದರು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಮಾನದಂಡದಲ್ಲಿ ಪಾಸಾದ ಮೊದಲ ಸಿಂಥೆಟಿಕ್ ಕಾರ್ ಆಯಿಲ್ ಅದು. ಅದರ ಮೇಲೆ ಬರೆದಿದ್ದು 25,000 ಮೈಲಿ ಅಥವಾ ಒಂದು ವರ್ಷ. 40,000 ಕಿಲೋಮೀಟರ್! ಬೇರೆ ಎಲ್ಲರೂ ಕೆಲವೇ ಸಾವಿರ ಮೈಲಿಗೆ ಬದಲಾಯಿಸ್ತಿದ್ದ ಕಾಲದಲ್ಲಿ ಇದು ಹುಚ್ಚುಮಾತಿನ ಹಾಗೆ ಕೇಳಿಸಿತು.

1973ರ ತೈಲ ಬಿಕ್ಕಟ್ಟು ಈ ಹುಚ್ಚಿಗೆ ಸಹಾಯ ಮಾಡಿತು. ಪೆಟ್ರೋಲು ದುಬಾರಿಯಾದಾಗ ಉಳಿತಾಯದ ಮಾತು ಎಲ್ಲರಿಗೂ ಇಷ್ಟ. 1974ರಲ್ಲಿ ಮೊಬಿಲ್ ಕಂಪನಿ ಮೊಬಿಲ್ 1 ಅನ್ನು ಮೊದಲು ಯೂರೋಪಿನಲ್ಲಿ ಬಿಟ್ಟು, ಆಮೇಲೆ ಅಮೆರಿಕಕ್ಕೆ ತಂತು. ಅದರ ಮೂಲ ಎಣ್ಣೆ ಎಸ್ಟರ್ ಅಲ್ಲ, ಪಾಲಿಆಲ್ಫಾಒಲಿಫಿನ್. ಬಾಯಿ ತಿರುಗದಿದ್ದರೆ ಪಿಎಓ ಅನ್ನಿ. ಎಥಿಲೀನ್ ಅನಿಲದ ಪುಟ್ಟ ಅಣುಗಳನ್ನು ಪೋಣಿಸಿ ಮಾಡೋ ಎಣ್ಣೆ, ಮೇಣದ ಹೆಸರೇ ಇಲ್ಲ.

ಶುರುವಿನ ದಿನಗಳಲ್ಲಿ ತೊಂದರೆಗಳೂ ಇದ್ದವು. ಎಸ್ಟರ್ ಕೆಲವು ರಬ್ಬರ್ ಸೀಲುಗಳನ್ನು ಉಬ್ಬಿಸುತ್ತೆ, ಪಿಎಓ ಕುಗ್ಗಿಸುತ್ತೆ. ಹಳೇ ಎಂಜಿನ್ನುಗಳಲ್ಲಿ ಎಣ್ಣೆ ಸೋರಿತು. "ಸಿಂಥೆಟಿಕ್ ಹಾಕಿದರೆ ಲೀಕ್ ಆಗುತ್ತೆ" ಅನ್ನೋ ಮಾತು ಇವತ್ತಿಗೂ ಗ್ಯಾರೇಜುಗಳಲ್ಲಿ ಕೇಳಿಬರೋದು ಆಗಿನ ಅನುಭವದಿಂದ. ಎರಡನ್ನೂ ಹದವಾಗಿ ಬೆರೆಸೋದು ಕಲಿತ ಮೇಲೆ ಆ ತೊಂದರೆ ಬಹುಮಟ್ಟಿಗೆ ಹೋಯಿತು. ಮಾತು ಮಾತ್ರ ಉಳಿಯಿತು.

*

ಹಾಗಾದರೆ ಸ್ಟಿಕ್ಕರಿನ ಸಂಖ್ಯೆ? ಐದು ಸಾವಿರ ಕಿಲೋಮೀಟರ್ ಅಂದರೆ ಮೂರು ಸಾವಿರ ಮೈಲಿಗೆ ಹತ್ತಿರ. ಅಮೆರಿಕದಲ್ಲಿ 1970-80ರ ದಶಕಗಳಲ್ಲಿ ಹತ್ತೇ ನಿಮಿಷದಲ್ಲಿ ಆಯಿಲ್ ಬದಲಾಯಿಸಿಕೊಡೋ ಅಂಗಡಿಗಳು ಬೀದಿಗೊಂದು ಎದ್ದವು. ಅವರೆಲ್ಲ ಹೇಳುತ್ತಿದ್ದದ್ದು 3,000 ಮೈಲಿ. ಗಿರಾಕಿ ವರ್ಷಕ್ಕೆ ಎರಡು ಸಲ ಬರೋದಕ್ಕಿಂತ ನಾಲ್ಕು ಸಲ ಬಂದರೆ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಾಗಿಲ್ಲ.

1996ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಇದನ್ನು ಪರೀಕ್ಷೆಗೆ ಹಚ್ಚಿತು. ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ಹೊಸದಾಗಿ ಕಟ್ಟಿದ ಎಂಜಿನ್ ಕೂರಿಸಿ, ಒಂದೊಂದನ್ನೂ 60,000 ಮೈಲಿ ಓಡಿಸಿ, ಆಮೇಲೆ ಬಿಚ್ಚಿ ಭಾಗಗಳ ಸವೆತ ಅಳೆದರು. 3,000ಕ್ಕೆ ಎಣ್ಣೆ ಬದಲಾಯಿಸಿದ್ದಕ್ಕೂ 6,000ಕ್ಕೆ ಬದಲಾಯಿಸಿದ್ದಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ತಮಾಷೆ ಅಂದ್ರೆ ಸಿಂಥೆಟಿಕ್ಕಿಗೂ ಸಾಧಾರಣ ಎಣ್ಣೆಗೂ ಸವೆತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಟ್ಯಾಕ್ಸಿ ಎಂಜಿನ್ ದಿನವಿಡೀ ಬಿಸಿಯಾಗೇ ಇರುತ್ತೆ. ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿ, ಮಗುವನ್ನು ಸ್ಕೂಲಿಗೆ ಬಿಟ್ಟು ಬಂದು ನಿಲ್ಲಿಸೋ ಕಾರಿನ ಪರೀಕ್ಷೆ ಇದಲ್ಲ.

ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದವರು ಶರ್ಲಿ ಶ್ವಾರ್ಟ್ಸ್. ಜನರಲ್ ಮೋಟಾರ್ಸ್ ಸಂಶೋಧನಾಲಯದ ಈ ವಿಜ್ಞಾನಿ ತಮ್ಮ ಸಹೋದ್ಯೋಗಿಯ ಜೊತೆ ಸೇರಿ 1987ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಎಣ್ಣೆಯೊಳಗೆ ಯಾವ ಸೆನ್ಸರೂ ಬೇಡ, ಎಂಜಿನ್ ಎಷ್ಟು ಸುತ್ತು ತಿರುಗಿತು, ಆಗ ಎಣ್ಣೆ ಎಷ್ಟು ಬಿಸಿ ಇತ್ತು ಅನ್ನೋದನ್ನು ಕಂಪ್ಯೂಟರ್ ಎಣಿಸುತ್ತಾ ಹೋದರೆ ಸಾಕು. ತೀರಾ ತಣ್ಣಗಿದ್ದರೂ ದಂಡ, ತೀರಾ ಬಿಸಿಯಿದ್ದರೂ ದಂಡ. ಎಂಬತ್ತರ ದಶಕದ ಕೊನೆಗೆ ಇದು ಕಾರುಗಳಲ್ಲೇ ಬಂತು. ಮೈಲಿ ಕಲ್ಲಿನ ಲೆಕ್ಕ ಬಿಟ್ಟು ಎಂಜಿನ್ ಪಟ್ಟ ಪಾಡಿನ ಲೆಕ್ಕ. ಒಂದು ರೀತಿಯಲ್ಲಿ ನಮ್ಮ ಎತ್ತಿನಗಾಡಿಯ ಗಾಲಿಗೆ ಮತ್ತೆ ಬಾಯಿ ಬಂದ ಹಾಗಾಯಿತು.

ಇಷ್ಟು ಓದಿದವರಿಗೆ ಇಂಟರ್ವಲ್ ಹೆಚ್ಚಿಸೋದೇ ಜಾಣತನ ಅನ್ನಿಸಬಹುದು. ಸ್ವಲ್ಪ ತಡೀರಿ. ಮರ್ಸಿಡಿಸ್ ಕಂಪನಿ ಅಮೆರಿಕದಲ್ಲಿ 1998ರ ಮಾಡೆಲ್ಲಿನಿಂದ ಇಂಥದೇ ಒಂದು ವ್ಯವಸ್ಥೆ ತಂತು. ಎಣ್ಣೆ ಯಾವಾಗ ಬದಲಾಯಿಸಬೇಕು ಅಂತ ಕಾರೇ ಹೇಳೋದು. ಆ ದೀರ್ಘ ಅವಧಿಗೆ ಸಿಂಥೆಟಿಕ್ ಎಣ್ಣೆಯೇ ಬೇಕು ಅನ್ನೋದನ್ನು ನಮಗೆ ಸರಿಯಾಗಿ ಹೇಳಲೇ ಇಲ್ಲ ಅನ್ನೋದು ಮಾಲೀಕರ ದೂರು. ಸಾಧಾರಣ ಎಣ್ಣೆ ಹಾಕಿ ಕಾರು ಹೇಳಿದಷ್ಟು ದೂರ ಓಡಿಸಿದರೆ ಎಂಜಿನ್ ಕೆಡುತ್ತೆ ಅಂತ ಕೋರ್ಟಿಗೆ ಹೋದರು. 2003ರಲ್ಲಿ ರಾಜಿಯಲ್ಲಿ ಮುಗಿಯಿತು. ಎಣ್ಣೆ ಮತ್ತು ಅವಧಿ ಎರಡೂ ಒಂದೇ ಒಪ್ಪಂದದ ಎರಡು ಸಾಲು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಎಂಜಿನ್ ದಂಡ ಕಟ್ಟುತ್ತೆ.

ಇನ್ನೊಂದು ಜಗಳ ಸಿಂಥೆಟಿಕ್ ಅನ್ನೋ ಪದದ ಮೇಲೇ ನಡೆಯಿತು. 1990ರ ದಶಕದ ಕೊನೆಯಲ್ಲಿ ಕ್ಯಾಸ್ಟ್ರಾಲ್ ತನ್ನ ಸಿಂಥೆಟಿಕ್ ಎಣ್ಣೆಯಲ್ಲಿ ಪಿಎಓ ತೆಗೆದು, ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಹೆಚ್ಚಿನ ಒತ್ತಡದಲ್ಲಿ ಸಂಸ್ಕರಿಸಿದ ಎಣ್ಣೆ ಬಳಸತೊಡಗಿತು. ಇದು ಸಿಂಥೆಟಿಕ್ಕೇ ಅಲ್ಲ ಅಂತ ಮೊಬಿಲ್ ತಕರಾರು ತೆಗೆಯಿತು. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರ ತೀರ್ಪು ಕೊಟ್ಟಿತು. ಹೈಡ್ರೋಜನ್ ಪ್ರಕ್ರಿಯೆಯಲ್ಲಿ ಅಣುಗಳ ರೂಪವೇ ಬದಲಾಗುತ್ತೆ, ಹಾಗಾಗಿ ಸಿಂಥೆಟಿಕ್ ಅನ್ನಬಹುದು ಅಂತ. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಇವತ್ತು ಫುಲ್ಲಿ ಸಿಂಥೆಟಿಕ್ ಅಂತ ಬರೆದ ಎಷ್ಟೋ ಡಬ್ಬಗಳಲ್ಲಿರೋದು ಈ ಬಗೆಯ ಎಣ್ಣೆಯೇ. ಕೆಟ್ಟದ್ದಂತೂ ಅಲ್ಲ. ಆದರೆ ಬರೀ ಆ ಪದ ನೋಡಿ ಎಣ್ಣೆ ಎಷ್ಟು ದೂರ ಬರುತ್ತೆ ಅಂತ ತೀರ್ಮಾನ ಮಾಡೋಕಾಗೋಲ್ಲ. ಡಬ್ಬದ ಹಿಂಭಾಗದಲ್ಲಿರೋ ಗ್ರೇಡು ಮತ್ತು ಮಾನದಂಡ ನಮ್ಮ ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕೆ ತಾಳೆಯಾಗುತ್ತಾ ಅಂತ ನೋಡಬೇಕು.

*

ಈಗ ನನ್ನದೇ ಕಥೆ. ಕೆಲವು ವರ್ಷಗಳ ಹಿಂದೆ, ಹಳೇ ಕಾರು ಇದ್ದಾಗ, ಎಲ್ಲೋ ಒಂದಷ್ಟು ಅರ್ಧಂಬರ್ಧ ಓದಿಕೊಂಡು ಮಹಾ ಜಾಣನಾಗಿದ್ದೆ. ದುಬಾರಿ ಸಿಂಥೆಟಿಕ್ ಹಾಕಿಸಿ, ಇನ್ನು ಹದಿನೈದು ಸಾವಿರ ಬಾನೆಟ್ ಎತ್ತೋದೇ ಬೇಡ ಅಂತ ತೀರ್ಮಾನಿಸಿದೆ. ನಿಜವಾಗಲೂ ಎತ್ತಲಿಲ್ಲ. ವಯಸ್ಸಾದ ಎಂಜಿನ್ ಸ್ವಲ್ಪ ಸ್ವಲ್ಪವೇ ಎಣ್ಣೆ ಕುಡೀತಾ ಬಂದಿತ್ತು. ಹನ್ನೆರಡು ಸಾವಿರದ ಹತ್ತಿರ, ಅಪ್ಪ ಅಮ್ಮನ್ನ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗುವಾಗ, ಶಿರಾಡಿ ಘಾಟಿನ ತಿರುವಿನಲ್ಲಿ ಕೆಂಪು ದೀಪ ಹತ್ತಿತು. ಹಿಂದೆಯೇ ಟಕ ಟಕ ಸದ್ದು. ನಿಲ್ಲಿಸಿ ಕಡ್ಡಿ ಎಳೆದು ನೋಡಿದರೆ ತುದಿಗೆ ಎಣ್ಣೆ ಹತ್ತಲೇ ಇಲ್ಲ. ಬೇರಿಂಗ್ ಹೋಗಿತ್ತು. ಎಂಜಿನ್ ಬಿಚ್ಚಿಸಿದ ಖರ್ಚಿನಲ್ಲಿ ಹತ್ತು ವರ್ಷಕ್ಕಾಗೋಷ್ಟು ಆಯಿಲ್ ಕೊಳ್ಳಬಹುದಿತ್ತು.

ಅಪ್ಪ ಬೈಯಲಿಲ್ಲ. ಘಾಟಿನ ಕಟ್ಟೆ ಮೇಲೆ ಕೂತು, "ಕಡ್ಡಿ ನೋಡ್ತಿರ್ಲಿಲ್ವೇನೋ?" ಅಂತ ಮಾತ್ರ ಕೇಳಿದರು. ಬೈದಿದ್ದರೇ ವಾಸಿಯಿತ್ತು. ಅವರ ಕಾಲದಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹಳೇ ಬನಿಯನ್ ತುಂಡು ಹಿಡಿದು, ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡೋದು ಪೂಜೆಯಷ್ಟೇ ನಿಯಮ. ಎರಡು ಸಾವಿರಕ್ಕೊಮ್ಮೆ ಎಣ್ಣೆ ಬದಲಾಯಿಸೋ ಅವರ ಅಭ್ಯಾಸವನ್ನು ನಾನು ಗೇಲಿ ಮಾಡಿ ಬಿಟ್ಟಿದ್ದೆ, ಅದರ ಜೊತೆಗಿದ್ದ ಇದನ್ನೂ ಬಿಟ್ಟಿದ್ದೆ.

*

ಅಪ್ಪನ ಎರಡು ಸಾವಿರ ಅವರ ಕಾಲಕ್ಕೆ ತಪ್ಪೇನಾಗಿರಲಿಲ್ಲ. ಆಗ ಕಾರ್ಬ್ಯುರೇಟರ್, ಚೋಕ್ ಎಳೆದರೆ ಹಸಿ ಪೆಟ್ರೋಲು ಎಣ್ಣೆಗೆ ಇಳಿಯುತ್ತಿತ್ತು. ಪೆಟ್ರೋಲಿನಲ್ಲಿ ಸೀಸ ಇತ್ತು, ನಮ್ಮ ದೇಶದಲ್ಲಿ ಅದು ಪೂರ್ತಿ ಹೋಗಿದ್ದು 2000ದಲ್ಲಿ. ಡೀಸೆಲ್ಲಿನಲ್ಲಿ ಗಂಧಕ ತೊಂಬತ್ತರ ದಶಕದ ಶುರುವಿನಲ್ಲಿ ನೂರಕ್ಕೆ ಒಂದು ಭಾಗದವರೆಗೂ ಇರಬಹುದಿತ್ತು. ಉರಿದಾಗ ಅದು ಆಮ್ಲವಾಗಿ ಎಣ್ಣೆಯನ್ನು ತಿನ್ನುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಅದು ಹತ್ತು ಲಕ್ಷಕ್ಕೆ ಹತ್ತು ಭಾಗ. ಅಂದರೆ ಇವತ್ತಿನ 10,000 ಕಿಲೋಮೀಟರಿನ ಶ್ರೇಯಸ್ಸು ಡಬ್ಬದಲ್ಲಿರೋ ಎಣ್ಣೆಗೆ ಮಾತ್ರ ಸೇರಿದ್ದಲ್ಲ. ಫಿಲ್ಟರ್, ಇಂಜೆಕ್ಷನ್, ಶುದ್ಧ ಇಂಧನ, ಟಾರು ರಸ್ತೆ ಎಲ್ಲಕ್ಕೂ ಪಾಲಿದೆ. ಕಾರಣಗಳು ಒಂದೊಂದೇ ಹೋದವು, ಅಪ್ಪನ ಸಂಖ್ಯೆ ಅಲ್ಲೇ ನಿಂತಿತು.

ಹಾಗಂತ ಕೌಂಟರಿನ ಹುಡುಗನೂ ಪೂರ್ತಿ ಸುಳ್ಳಲ್ಲ. ಒಂದು ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗೆ ಸರಾಸರಿ 12 ಕಿಲೋಮೀಟರ್ ಓಡಿದರೆ 5,000 ಕಿ.ಮೀ.ಗೆ ಎಂಜಿನ್ ತಿರುಗಿದ್ದು ಸುಮಾರು 417 ಗಂಟೆ. ಹೈವೇಯಲ್ಲಿ ಗಂಟೆಗೆ 60ರಂತೆ ಅದೇ 417 ಗಂಟೆ ಓಡಿದರೆ 25,000 ಕಿ.ಮೀ.! ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಮೀಟರ್ ತಿರುಗೋಲ್ಲ, ಎಂಜಿನ್ ತಿರುಗ್ತಾನೇ ಇರುತ್ತೆ. ನಮ್ಮೂರಿನ ಟ್ರಾಕ್ಟರ್ ಓಡಿಸೋರಿಗೆ ಇದು ಮೊದಲಿನಿಂದ ಗೊತ್ತು. ಅವರು ಎಣ್ಣೆ ಬದಲಾಯಿಸೋದು ಅವರ್ ಮೀಟರ್ ನೋಡಿ. ಕಾರಿನ ಕೈಪಿಡಿಯಲ್ಲೂ ಸಣ್ಣ ಅಕ್ಷರದಲ್ಲಿ ಇರುತ್ತೆ, ಧೂಳು, ಚಿಕ್ಕ ಚಿಕ್ಕ ಓಡಾಟ, ನಿಂತು ನಿಂತು ಹೋಗೋದು ಇದ್ದರೆ ಬೇಗ ಬದಲಾಯಿಸಿ ಅಂತ. ಅದನ್ನು ನಾವ್ಯಾರೂ ಓದೋಲ್ಲ.

ಬೇಗ ಬದಲಾಯಿಸಿದರೆ ನಷ್ಟವೇನು ಅಂತೀರಾ? ದುಡ್ಡು ಬಿಡಿ. ಹದಿನೈದು ವರ್ಷದಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡೋ ಕಾರಿಗೆ, ಸಲಕ್ಕೆ ಮೂರೂವರೆ ಲೀಟರಿನಂತೆ, ಐದು ಸಾವಿರಕ್ಕೊಮ್ಮೆ ಅಂದರೆ 105 ಲೀಟರ್, ಹತ್ತು ಸಾವಿರಕ್ಕೊಮ್ಮೆ ಅಂದರೆ ಅದರ ಅರ್ಧ. ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತೆ? ಒಂದು ಸಲದ ಆಯಿಲ್ ಚೇಂಜಿನ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಇಲಾಖೆ ಎಚ್ಚರಿಸುತ್ತೆ. ರಸ್ತೆಬದಿ ಗ್ಯಾರೇಜಿನ ಮುಂದಿನ ಮೋರಿ ಯಾವ ಬಣ್ಣದಲ್ಲಿರುತ್ತೆ ಅಂತ ನೀವೂ ನೋಡಿರ್ತೀರಿ. ಕ್ಯಾಲಿಫೋರ್ನಿಯಾ ಸರ್ಕಾರ 3,000 ಮೈಲಿಯ ನಂಬಿಕೆ ಬಿಡಿ, ನಿಮ್ಮ ಕೈಪಿಡಿ ನೋಡಿ ಅಂತ ಜನರ ನಡುವೆ ಪ್ರಚಾರ ಮಾಡಿದ್ದೂ ಇದೇ ಕಾರಣಕ್ಕೆ.

ಕಡೆಗೆ ನಾನು ಮಾಡಿದ ತೀರ್ಮಾನ ಹೀಗಿದೆ. ಗಾಜಿನ ಮೇಲಿನ ಸ್ಟಿಕ್ಕರ್ ಕಿತ್ತುಹಾಕಿದೆ. ನನ್ನ ಓಡಾಟ ಬಹುಪಾಲು ಊರೊಳಗೇ ಇರೋದರಿಂದ ಪುಸ್ತಕದ ಹತ್ತು ಸಾವಿರವನ್ನು ಏಳೂವರೆಗೆ ಇಳಿಸಿಕೊಂಡೆ, ಅದರೊಳಗೆ ವರ್ಷ ತುಂಬಿದರೆ ಆಗಲೇ. ಇದು ನನ್ನ ಕಾರಿಗೆ, ನನ್ನ ರಸ್ತೆಗೆ ಹಾಕಿಕೊಂಡ ಲೆಕ್ಕ. ನಿಮ್ಮದು ನೀವೇ ಹಾಕಿಕೊಳ್ಳಬೇಕು. ಮತ್ತೆ ಭಾನುವಾರ ಬೆಳಗ್ಗೆ ಕಡ್ಡಿ ನೋಡೋದು ಶುರು ಮಾಡಿದೀನಿ. ಮೊದಲ ದಿನ ಒರೆಸೋಕೆ ಟಿಶ್ಯೂ ಪೇಪರ್ ತಗೊಂಡು ಹೋದೆ. ಅಪ್ಪ ನೋಡಿ, ಒಳಗೆ ಹೋಗಿ, ಹಳೇ ಬನಿಯನ್ ಒಂದನ್ನು ಹರಿದು ತಂದುಕೊಟ್ಟರು.

ನಿಮ್ಮ ಮನೆಯಲ್ಲಿ ಯಾವ ಸಂಖ್ಯೆ ನಡೀತಿದೆ? ಅದನ್ನು ನಿಮಗೆ ಹೇಳಿಕೊಟ್ಟಿದ್ದು ಯಾರು? ನೆನಪಿದ್ದರೆ ಹೇಳಿ.